ಗೇರ್ ಬದಲಾಯಿಸದ ಕಾರು: ಲೆಕ್ಸಸ್ ಇಎಸ್‌ನ ಹೊಟ್ಟೆಯೊಳಗೊಂದು ಏತಪಾತಾಳ

ಲೆಕ್ಸಸ್ ಇಎಸ್ 300ಎಚ್ ಕಾರಿನ ಹಿಂದಿನ ಸೀಟಿನಲ್ಲಿ ಕೂತವರು ಮೊದಲು ಹೊಗಳುವುದು ಕಾಲು ಚಾಚಲು ಸಿಗುವ ಜಾಗವನ್ನು. ಆಮೇಲೆ ಸೀಟಿನ ಚರ್ಮವನ್ನು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಮಾತು ಬರುತ್ತದೆ: "ಇದು ಗೇರ್ ಯಾವಾಗ ಬದಲಾಯಿಸಿತು ಅಂತಲೇ ಗೊತ್ತಾಗಲಿಲ್ಲ." ಗೊತ್ತಾಗುವುದು ಹೇಗೆ? ಅದು ಬದಲಾಯಿಸಲೇ ಇಲ್ಲ. ಒಂದನೇ ಗೇರ್, ಎರಡನೇ ಗೇರ್ ಅನ್ನುವುದು ಆ ಕಾರಿನಲ್ಲಿ ಇದ್ದರೆ ತಾನೇ!

ಇಲ್ಲದ್ದು ಅದೊಂದೇ ಅಲ್ಲ. ಕ್ಲಚ್ ಇಲ್ಲ, ಆಟೊಮ್ಯಾಟಿಕ್ ಕಾರುಗಳಲ್ಲಿ ಕ್ಲಚ್‌ನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಇಲ್ಲ. ಎಂಜಿನ್ ಚಾಲೂ ಮಾಡುವ ಮಾಮೂಲಿ ಸ್ಟಾರ್ಟರ್ ಮೋಟರ್ ಇಲ್ಲ, ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಇಲ್ಲ. ರಿವರ್ಸ್ ಗೇರ್ ಕೂಡ ಇಲ್ಲ. ಲಕ್ಷುರಿ ಕಾರು ಅಂದರೆ ಏನೇನು ಸೇರಿಸಿದ್ದಾರೆ ಅಂತ ನೋಡುವುದು ರೂಢಿ. ಈ ಕಾರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಏನೇನು ತೆಗೆದುಹಾಕಿದ್ದಾರೆ ಅಂತ ನೋಡಬೇಕು. ಇದರ ನೆಮ್ಮದಿಯ ಓಟದಲ್ಲಿ ಚರ್ಮಕ್ಕಿಂತ, ಮರದ ಅಲಂಕಾರಕ್ಕಿಂತ ದೊಡ್ಡ ಪಾಲು ಕೆಲವು ಹಲ್ಲುಚಕ್ರಗಳ ಒಂದು ಜೋಡಣೆಯದ್ದು. ಇವತ್ತು ಹೇಳಹೊರಟಿರುವುದು ಅದನ್ನೇ.

ಮೊದಲು ಕಾರಿನ ಜಾತಕ ಚುಟುಕಾಗಿ ನೋಡೋಣ. ಟೊಯೋಟಾ ತನ್ನ ಲಕ್ಷುರಿ ಬ್ರ್ಯಾಂಡ್ ಲೆಕ್ಸಸ್ ಅನ್ನು 1989ರಲ್ಲಿ ಅಮೆರಿಕದಲ್ಲಿ ಶುರು ಮಾಡಿತು. ಎಲ್ಲರ ಕಣ್ಣು ಇದ್ದದ್ದು ದೊಡ್ಡ ಕಾರು ಎಲ್‌ಎಸ್ 400 ಮೇಲೆ. ಆದರೆ ಒಂದೇ ಒಂದು ಕಾರು ಇಟ್ಟುಕೊಂಡು ಶೋರೂಮ್ ನಡೆಸುವುದು ಕಷ್ಟ, ಅಲ್ವಾ? ಹಾಗಾಗಿ ಜೊತೆಗೆ ಇಎಸ್ 250 ಬಂತು. ಅದು ಟೊಯೋಟಾ ಕ್ಯಾಮ್ರಿಯ ಬುಡದ ಮೇಲೆ ಕಟ್ಟಿದ ಕಾರು. "ಕ್ಯಾಮ್ರಿಗೆ ಕೋಟು ತೊಡಿಸಿದ್ದಾರೆ" ಅನ್ನುವ ಕುಹಕ ಅವತ್ತಿನಿಂದ ಅದರ ಬೆನ್ನು ಬಿಟ್ಟಿಲ್ಲ. ಕುಹಕದಲ್ಲಿ ಸತ್ಯ ಇಲ್ಲದೇ ಇಲ್ಲ. ಜರ್ಮನಿಯ ಬಿಎಂಡಬ್ಲ್ಯೂ 5 ಸೀರೀಸ್, ಮರ್ಸಿಡಿಸ್ ಇ ಕ್ಲಾಸ್ ಕಾರುಗಳಲ್ಲಿ ಎಂಜಿನ್ ಮುಖ್ಯವಾಗಿ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಇಎಸ್ ಮಾತ್ರ ಮೊದಲಿನಿಂದಲೂ ಮುಂದಿನ ಚಕ್ರದ ಕಾರು. ಎಂಜಿನ್ ಅಡ್ಡಡ್ಡ ಕೂರುತ್ತದೆ, ಯಂತ್ರವೆಲ್ಲ ಮೂತಿಯಲ್ಲೇ ಮುಗಿಯುತ್ತದೆ, ಉಳಿದ ಉದ್ದವೆಲ್ಲ ಕೂತವರಿಗೆ. ಓಡಿಸುವವರ ಮೋಜಿಗಿಂತ ಹಿಂದೆ ಕೂತವರ ಸುಖ ಮುಖ್ಯ ಅಂದುಕೊಂಡವರಿಗೆ ಇದು ಕೊರತೆಯೇ ಅಲ್ಲ.

ತಮಾಷೆ ಏನೆಂದರೆ, ಸ್ವಂತ ಊರಾದ ಜಪಾನಿನಲ್ಲಿ ಇದು ಬಹಳ ಕಾಲ ಲೆಕ್ಸಸ್ ಆಗಿರಲೇ ಇಲ್ಲ. 1991ರಿಂದ ಅಲ್ಲಿ ಇದೇ ಕಾರು ಟೊಯೋಟಾ ವಿಂಡಮ್ ಹೆಸರಲ್ಲಿ ಮಾರಾಟವಾಯಿತು. ಲೆಕ್ಸಸ್ ಇಎಸ್ ಅನ್ನುವ ಹೆಸರಲ್ಲಿ ಜಪಾನಿನ ಗ್ರಾಹಕರಿಗೆ ಸಿಕ್ಕಿದ್ದು 2018ರಲ್ಲಿ, ಏಳನೇ ಪೀಳಿಗೆಯ ಹೊತ್ತಿಗೆ. ನಮ್ಮ ವಿಷಯಕ್ಕೆ ಬೇಕಾದ ವರ್ಷ 2012. ಆಗ ಆರನೇ ಪೀಳಿಗೆಯ ಜೊತೆ ಮೊದಲ ಸಲ ಇಎಸ್‌ಗೆ ಹೈಬ್ರಿಡ್ ಬಂತು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಕಾರನ್ನು ಓಡಿಸುವ ಏರ್ಪಾಡು. ಹೆಸರಿನ ಕೊನೆಯ 'ಎಚ್' ಅದೇ. ಮುಂದೆ ಕೊಡುವ ಅಂಕಿಗಳು ಏಳನೇ ಪೀಳಿಗೆಯ 300ಎಚ್‌ನವು.

ಬೇಕೆಂದೇ ಸೋತ ಎಂಜಿನ್

ಈ ಕಾರಿನ ಎಂಜಿನ್ 2.5 ಲೀಟರಿನದು, ನಾಲ್ಕು ಸಿಲಿಂಡರ್. ಇದೇ ಅಳತೆಯ ಬೇರೆ ಎಂಜಿನ್‌ಗಳ ಪಕ್ಕ ಇಟ್ಟರೆ ಶಕ್ತಿ ಸ್ವಲ್ಪ ಕಮ್ಮಿಯೇ. ಎಂಜಿನಿಯರುಗಳಿಗೆ ಬಾರದೆ ಹಾಗಾದದ್ದಲ್ಲ. ಬೇಕೆಂದೇ ಮಾಡಿದ್ದು.

ಪೆಟ್ರೋಲ್ ಎಂಜಿನ್ ಒಳಗೆ ಏನಾಗುತ್ತದೆ ನೋಡಿ. ಪಿಸ್ಟನ್ ಕೆಳಗಿಳಿದು ಗಾಳಿ ಎಳೆಯುತ್ತದೆ, ಮೇಲೇರಿ ಅದನ್ನು ಒತ್ತುತ್ತದೆ, ಕಿಡಿ ಹೊತ್ತಿ ಬಿಸಿ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ, ಕೊನೆಗೆ ಹೊಗೆ ಹೊರಗೆ. ಒತ್ತುವ ದೂರ ಎಷ್ಟೋ ಹಿಗ್ಗುವ ದೂರವೂ ಅಷ್ಟೇ. ತೊಂದರೆ ಇರುವುದು ಇಲ್ಲೇ. ಪಿಸ್ಟನ್ ತಳ ಮುಟ್ಟುವ ಹೊತ್ತಿಗೂ ಅನಿಲದಲ್ಲಿ ನೂಕುವ ಕಸುವು ಉಳಿದಿರುತ್ತದೆ. ಅಷ್ಟರಲ್ಲಿ ಹೊಗೆಯ ಕವಾಟ ತೆರೆದುಬಿಡುತ್ತದೆ. ದುಡ್ಡು ಕೊಟ್ಟು ತಂದ ಬಿಸಿ ಸುಮ್ನೆ ಸೈಲೆನ್ಸರ್ ಪಾಲು.

ಬ್ರಿಟನ್ನಿನ ಜೇಮ್ಸ್ ಅಟ್ಕಿನ್ಸನ್ ಅನ್ನುವವನು 1880ರ ದಶಕದಲ್ಲೇ ಇದಕ್ಕೊಂದು ದಾರಿ ಹುಡುಕಿದ್ದ. ಒತ್ತುವ ದೂರ ಚಿಕ್ಕದಿರಲಿ, ಹಿಗ್ಗುವ ದೂರ ದೊಡ್ಡದಿರಲಿ ಅಂತ. ಅದಕ್ಕಾಗಿ ಅವನು ಗೊಂದಲಮಯವಾದ ಸರಳುಗಳ ಜೋಡಣೆ ಮಾಡಬೇಕಾಯಿತು. ಈಗ ಅಷ್ಟು ಕಷ್ಟ ಇಲ್ಲ. ಗಾಳಿ ಒಳಬರುವ ಕವಾಟವನ್ನು ತಡವಾಗಿ ಮುಚ್ಚಿದರೆ ಸಾಕು. ಪಿಸ್ಟನ್ ಮೇಲೇರಲು ಶುರುಮಾಡಿದ ಮೇಲೂ ಕವಾಟ ತೆರೆದೇ ಇರುತ್ತದೆ, ಎಳೆದುಕೊಂಡ ಗಾಳಿಯಲ್ಲಿ ಒಂದಷ್ಟು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹಿಡಿದಿಟ್ಟ ಗಾಳಿ ಕಮ್ಮಿ, ಆದರೆ ಹಿಗ್ಗಲು ಪೂರ್ತಿ ದೂರ. ಕೊನೆಯ ಹನಿಯವರೆಗೂ ಹಿಂಡಿದ ಹಾಗೆ. ಟೊಯೋಟಾ ಹೇಳುವ ಪ್ರಕಾರ ಈ ಎಂಜಿನ್, ತನಗೆ ಹಿತವಾದ ವೇಗದಲ್ಲಿ ಓಡುವಾಗ, ಪೆಟ್ರೋಲಿನ ಶಕ್ತಿಯಲ್ಲಿ ಶೇ. 41ರಷ್ಟನ್ನು ಕೆಲಸಕ್ಕೆ ಬಳಸುತ್ತದೆ. ಪೆಟ್ರೋಲ್ ಎಂಜಿನ್‌ಗಳ ಲೋಕದಲ್ಲಿ ಅದು ಬಹಳ ಒಳ್ಳೆಯ ಅಂಕ.

ಇದಕ್ಕೆ ತೆರಬೇಕಾದ ಬೆಲೆ ಎರಡು. ಗಾಳಿ ಕಮ್ಮಿ ಆದ್ದರಿಂದ ಕಸುವು ಕಮ್ಮಿ, ಅದರಲ್ಲೂ ನಿಧಾನಕ್ಕೆ ತಿರುಗುವಾಗ. ಜೊತೆಗೆ "ತನಗೆ ಹಿತವಾದ ವೇಗ" ಅನ್ನುವ ಷರತ್ತು. ನಿಂತ ಜಾಗದಿಂದ ಒಂದೂವರೆ ಟನ್‌ಗೂ ಜಾಸ್ತಿ ಭಾರದ ಕಾರನ್ನು ಎಳೆಯಲು ಇಂಥ ಎಂಜಿನ್ ಒಂದನ್ನೇ ನಂಬಿದರೆ ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ. ಎಲೆಕ್ಟ್ರಿಕ್ ಮೋಟರಿನ ಗುಣ ತದ್ವಿರುದ್ಧ. ಅದರ ಎಳೆತ ಅತಿ ಜಾಸ್ತಿ ಇರುವುದು ನಿಂತಲ್ಲೇ. ಒಬ್ಬನಿಗೆ ಶುರು ಮಾಡುವುದು ಕಷ್ಟ, ಇನ್ನೊಬ್ಬನಿಗೆ ಅದೇ ಸಲೀಸು. ಇಬ್ಬರನ್ನೂ ಒಂದೇ ಕೆಲಸಕ್ಕೆ ಜೊತೆ ಮಾಡುವುದು ಹೇಗೆ?

36 ಅಂಗುಲದ ಕೋಲು

ಉತ್ತರ ಇರುವುದು ಪ್ಲಾನೆಟರಿ ಗೇರ್ ಅನ್ನುವ ಜೋಡಣೆಯಲ್ಲಿ. ನಡುವೆ ಒಂದು ಹಲ್ಲುಚಕ್ರ, ಅದು ಸೂರ್ಯ. ಅದರ ಸುತ್ತ ಕೆಲವು ಸಣ್ಣ ಚಕ್ರಗಳು, ಅವು ಗ್ರಹಗಳು. ಇವನ್ನೆಲ್ಲ ಬಳಸಿ ಹೊರಗೆ ಒಂದು ಉಂಗುರ, ಅದರ ಹಲ್ಲುಗಳು ಒಳಮುಖ. ಗ್ರಹಗಳನ್ನು ಹಿಡಿದಿರುವ ಚೌಕಟ್ಟಿಗೆ ಎಂಜಿನ್ ಜೋಡಿಸಿದ್ದಾರೆ. ಸೂರ್ಯನಿಗೆ ಒಂದು ಮೋಟರ್, ಅದನ್ನು ಜನರೇಟರ್ ಅನ್ನೋಣ. ಉಂಗುರದಿಂದ ಬಲವು ಕಾರಿನ ಚಕ್ರಗಳಿಗೆ ಹೋಗುತ್ತದೆ, ದಾರಿಯಲ್ಲಿ ಎರಡನೇ ದೊಡ್ಡ ಮೋಟರಿನ ಬಲವೂ ಸೇರಿಕೊಳ್ಳುತ್ತದೆ. ಅಮೆರಿಕದ ಟಿಆರ್‌ಡಬ್ಲ್ಯೂ ಕಂಪನಿಯ ಎಂಜಿನಿಯರುಗಳು ಇಂಥದ್ದೊಂದು ಜೋಡಣೆಯನ್ನು ಸುಮಾರು 1970ರ ಹೊತ್ತಿಗೇ ಯೋಚಿಸಿದ್ದರು. ಲಕ್ಷಗಟ್ಟಲೆ ತಯಾರಾಗುವ ಕಾರಿನ ಹಂತಕ್ಕೆ ಅದನ್ನು ತಂದದ್ದು ಟೊಯೋಟಾ, 1997ರ ಪ್ರಿಯಸ್‌ನಲ್ಲಿ.

ಚಿತ್ರ ನೋಡಿದರೂ ಇದು ತಲೆಗೆ ಹತ್ತುವುದು ಕಷ್ಟ. ಎಲ್ಲ ಒಟ್ಟಿಗೆ ಗಿರಗಿರ ತಿರುಗುತ್ತಿದ್ದರೆ ಯಾರು ಯಾರನ್ನು ತಿರುಗಿಸುತ್ತಿದ್ದಾರೆ ಅಂತ ಹೇಳುವುದು ಹೇಗೆ? ಹಾಗಾಗಿ ಚಕ್ರಗಳನ್ನು ಮರೆತುಬಿಡಿ. ಮಕ್ಕಳು ಎರಡು ತುದಿಗೆ ಕೂತು ಮೇಲೆ ಕೆಳಗೆ ಆಡುವ ಏತಪಾತಾಳ ನೆನೆಸಿಕೊಳ್ಳಿ. ಹಳೆಯ ಪ್ರಿಯಸ್‌ನ ಹಲ್ಲುಗಳ ಲೆಕ್ಕ ತಗೊಳ್ಳೋಣ: ಸೂರ್ಯನಿಗೆ 30 ಹಲ್ಲು, ಉಂಗುರಕ್ಕೆ 78, ಅಂದರೆ 10ಕ್ಕೆ 26ರ ಲೆಕ್ಕ. ಈ ಜೋಡಣೆಯನ್ನು 36 ಅಂಗುಲದ ಒಂದು ಕೋಲಾಗಿ ಬರೆಯಬಹುದು. ಎಡತುದಿ ಜನರೇಟರಿನದು, ಬಲತುದಿ ಕಾರಿನ ಚಕ್ರಗಳದು. ಎಡದಿಂದ 26 ಅಂಗುಲ, ಬಲದಿಂದ 10 ಅಂಗುಲ ಇರುವ ಜಾಗದಲ್ಲಿ ಎಂಜಿನ್. ಕೋಲಿನ ಆ ಜಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟು ಅದರ ತಿರುಗುವ ವೇಗ. ನೆಲದ ಕೆಳಗೆ ಹೋದರೆ ಹಿಮ್ಮುಖ ತಿರುಗು ಅಂತ ಅರ್ಥ. ನಿಯಮ ಒಂದೇ: ಕೋಲು ಬಾಗುವಂತಿಲ್ಲ. ಎರಡು ಜಾಗದ ಎತ್ತರ ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತಾಗುತ್ತದೆ.

ಈಗ ಕಾರು ಓಡಿಸೋಣ.

ನಿಂತ ಕಾರು, ಎಂಜಿನ್ ಬಂದ್. ಕೋಲು ನೆಲದ ಮೇಲೆ ಅಡ್ಡ ಮಲಗಿದೆ. ಪೆಡಲ್ ಮೆಲ್ಲಗೆ ಒತ್ತಿದಿರಿ. ದೊಡ್ಡ ಮೋಟರ್ ಬಲತುದಿಯನ್ನು ಎತ್ತುತ್ತದೆ, ಕಾರು ಸದ್ದಿಲ್ಲದೆ ಹೊರಡುತ್ತದೆ. ಎಂಜಿನ್ ಇನ್ನೂ ಸೊನ್ನೆಯಲ್ಲೇ ಇದೆ. ಹಾಗಾಗಿ ಎಡತುದಿ ನೆಲದ ಕೆಳಗೆ ಹೋಗಲೇಬೇಕು. ಉಂಗುರ 1000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿದರೆ ಜನರೇಟರ್ ಹಿಮ್ಮುಖವಾಗಿ 2600 ತಿರುಗುತ್ತದೆ. ಹಳೆಯ ಪ್ರಿಯಸ್‌ಗಳು ಬರೀ ಬ್ಯಾಟರಿಯಲ್ಲಿ ಜಾಸ್ತಿ ವೇಗ ಹೋಗುತ್ತಿರಲಿಲ್ಲ, ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. ಕಾರಿನ ವೇಗ ಏರಿದಂತೆ ಪಾಪ ಆ ಜನರೇಟರ್ ತನ್ನ ಮಿತಿ ಮೀರಿ ತಿರುಗಬೇಕಾಗಿತ್ತು.

ವೇಗ ಬೇಕು, ಎಂಜಿನ್ ಏಳಬೇಕು. ಜನರೇಟರ್ ಈಗ ಮೋಟರಿನಂತೆ ಕೆಲಸ ಮಾಡಿ ಎಡತುದಿಯನ್ನು ಮೇಲೆತ್ತುತ್ತದೆ. ಬಲತುದಿ ರಸ್ತೆಯ ವೇಗದಲ್ಲೇ ಇರುವುದರಿಂದ ನಡುವಿನ ಎಂಜಿನ್ ಜಾಗ ಏಳುತ್ತದೆ, ಎಂಜಿನ್ ತಿರುಗಿ ಹೊತ್ತಿಕೊಳ್ಳುತ್ತದೆ. ಸ್ಟಾರ್ಟರ್ ಮೋಟರಿನ ಕೆಲಸ ಆಯಿತು. ಮಾಮೂಲಿ ಕಾರಿನಲ್ಲಿ ಕೇಳುವ ಆ 'ಕರ್ರ್' ಸದ್ದು ಇಲ್ಲಿ ಇಲ್ಲ.

ಇನ್ನು ಮುಖ್ಯವಾದದ್ದು. ಎಂಜಿನ್ ಈಗ ಕೋಲನ್ನು ಮೇಲಕ್ಕೆ ನೂಕುತ್ತಿದೆ. ಎಡತುದಿಯನ್ನು ಯಾರೂ ಹಿಡಿಯದಿದ್ದರೆ ಏನಾಗುತ್ತದೆ? ಹಗುರವಾದ ಆ ತುದಿ ಸುಮ್ನೆ ಮೇಲೆ ಚಿಮ್ಮುತ್ತದೆ, ಭಾರದ ಬಲತುದಿ ಕದಲುವುದಿಲ್ಲ. ಎಂಜಿನ್ ಬರೀ ಗುರ್ರ್ ಅನ್ನುತ್ತದೆ. ಅದೇ ನ್ಯೂಟ್ರಲ್. ಕಾರು ಚಲಿಸಬೇಕಾದರೆ ಜನರೇಟರ್ ಎಡತುದಿಯನ್ನು ಒತ್ತಿ ಹಿಡಿಯಬೇಕು. ಕೋಲಿನ ಲೆಕ್ಕದಂತೆ ಎಂಜಿನ್ನಿನ ಬಲ ಹಂಚಿಹೋಗುತ್ತದೆ: ಹತ್ತಿರದ ಬಲತುದಿಗೆ ಶೇ. 72, ದೂರದ ಎಡತುದಿಗೆ ಶೇ. 28. ಬೆಟ್ಟ ಹತ್ತುವಾಗಲೂ ಇಳಿಯುವಾಗಲೂ ಈ ಪಾಲು ಬದಲಾಗುವುದಿಲ್ಲ. 28ರ ಪಾಲು ಜನರೇಟರನ್ನು ತಿರುಗಿಸಿ ವಿದ್ಯುತ್ ಮಾಡುತ್ತದೆ. ಆ ವಿದ್ಯುತ್ ತಂತಿಯಲ್ಲಿ ಹಾದು ದೊಡ್ಡ ಮೋಟರಿಗೆ ಹೋಗಿ, ಕೊನೆಗೆ ಅದೇ ಚಕ್ರಗಳಿಗೆ ಸೇರುತ್ತದೆ. ಅಂದರೆ ಎಂಜಿನ್ನಿನ ಶಕ್ತಿ ಎರಡು ದಾರಿಯಲ್ಲಿ ನಡೆಯುತ್ತದೆ. ಒಂದು ಕಬ್ಬಿಣದ ದಾರಿ, ಇನ್ನೊಂದು ಕರೆಂಟಿನ ದಾರಿ.

ಗೇರ್‌ಬಾಕ್ಸ್ ಎಲ್ಲಿ ಅಂತ ಈಗ ಕಂಡಿತಾ? ಬಲತುದಿಯ ಎತ್ತರ ರಸ್ತೆಯ ವೇಗಕ್ಕೆ ಕಟ್ಟುಬಿದ್ದಿದೆ. ಅದನ್ನು ಹಾಗೇ ಬಿಟ್ಟು ಎಡತುದಿಯನ್ನು ಏರಿಸಿದರೆ ಎಂಜಿನ್ ವೇಗ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಜನರೇಟರನ್ನು ಎಷ್ಟು ವೇಗದಲ್ಲಿ ಹಿಡಿಯಬೇಕು ಅಂತ ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ಅಷ್ಟೇ. ಎಂಜಿನ್ ತನಗೆ ಹಿತವಾದ ವೇಗದ ಹತ್ತಿರವೇ ಇರಬಹುದು, ಕಾರು ಎಷ್ಟಾದರೂ ಓಡಲಿ. ಎಂಟು ಗೇರ್, ಹತ್ತು ಗೇರ್ ಅಂತ ಮೆಟ್ಟಿಲು ಕಟ್ಟುವ ಬದಲು ಇಳಿಜಾರು ಕಟ್ಟಿದಂತೆ. ಮೆಟ್ಟಿಲಿಲ್ಲದ ಮೇಲೆ ಎಡವುವುದೆಲ್ಲಿ?

ಹೆದ್ದಾರಿಯಲ್ಲಿ ಒಂದು ಸೊಗಸಾದ ಗಳಿಗೆ ಬರುತ್ತದೆ. ಎಂಜಿನ್ 1500, ಉಂಗುರ ಸುಮಾರು 2077 ಆರ್‌ಪಿಎಂ ಇದ್ದಾಗ ಎಡತುದಿ ಸರಿಯಾಗಿ ನೆಲ ಮುಟ್ಟುತ್ತದೆ. ಜನರೇಟರ್ ತಿರುಗುತ್ತಿಲ್ಲ, ಬರೀ ಹಿಡಿದು ನಿಂತಿದೆ. ಕರೆಂಟಿನ ದಾರಿಯಲ್ಲಿ ಓಡಾಟ ಇಲ್ಲ, ಇಡೀ ಶಕ್ತಿ ಕಬ್ಬಿಣದ ದಾರಿಯಲ್ಲೇ ಹೋಗುತ್ತದೆ. ವಿದ್ಯುತ್ ಮಾಡಿ ಮತ್ತೆ ತಿರುಗಿಸುವಾಗ ಆಗುವ ನಷ್ಟ ಈಗ ಇಲ್ಲ. ನನ್ನ ಕೇಳಿದರೆ ಈ ಜೋಡಣೆಯ ಅಂದ ಇರುವುದೇ ಇಲ್ಲಿ.

ಹಿಂದಕ್ಕೆ ಹೋಗಬೇಕೇ? ದೊಡ್ಡ ಮೋಟರನ್ನು ಉಲ್ಟಾ ತಿರುಗಿಸಿದರೆ ಮುಗಿಯಿತು.

ಒಂದು ಸಣ್ಣ ತಕರಾರು. ಇದನ್ನು ಇ-ಸಿವಿಟಿ ಅಂತ ಕರೆಯುತ್ತಾರೆ. ಸಿವಿಟಿ ಅಂದ ಕೂಡಲೇ ಜನರಿಗೆ ನೆನಪಾಗುವುದು ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಜಾರಿಸುವ ಗೇರ್‌ಬಾಕ್ಸ್. ಅದಕ್ಕೂ ಇದಕ್ಕೂ ಹೆಸರಲ್ಲಿ ಬಿಟ್ಟು ಬೇರೆಲ್ಲೂ ನೆಂಟಸ್ತಿಕೆ ಇಲ್ಲ. ಇಲ್ಲಿ ಬೆಲ್ಟೂ ಇಲ್ಲ, ಜಾರುವ ಭಾಗವೂ ಇಲ್ಲ. ಹಲ್ಲಿಗೆ ಹಲ್ಲು ಸದಾ ಕಚ್ಚಿಕೊಂಡೇ ಇರುತ್ತದೆ. ಹೆಸರಿಟ್ಟವರು ಇನ್ನೊಂಚೂರು ಯೋಚಿಸಬಹುದಿತ್ತು.

131ಕ್ಕೆ 88 ಕೂಡಿಸಿದರೆ 160 ಯಾಕೆ?

ಕಾರಿನ ವಿವರಪಟ್ಟಿ ನೋಡಿದವರು ತಲೆ ಕೆರೆದುಕೊಳ್ಳುವ ಜಾಗ ಇದು. ಯುರೋಪಿನ ಪಟ್ಟಿಯಲ್ಲಿ ಎಂಜಿನ್ 131 ಕಿಲೋವ್ಯಾಟ್, ಮೋಟರ್ 88 ಕಿಲೋವ್ಯಾಟ್. ಕೂಡಿಸಿದರೆ 219 ಆಗಬೇಕು. ಪಟ್ಟಿಯಲ್ಲಿರುವ ಒಟ್ಟು ಶಕ್ತಿ ಮಾತ್ರ 160. ಉಳಿದ 59 ಎಲ್ಲಿ ಹೋಯಿತು?

ಎಲ್ಲೂ ಹೋಗಲಿಲ್ಲ, ಅದು ಇರಲೇ ಇಲ್ಲ. 88 ಅನ್ನುವುದು ಮೋಟರಿಗೆ ಇರುವ ಯೋಗ್ಯತೆ, ಅದಕ್ಕೆ ಸಿಗುವ ಆಹಾರ ಅಲ್ಲ. ಮೋಟರಿಗೆ ಕರೆಂಟು ಬರುವುದು ಎರಡು ಕಡೆಯಿಂದ. ಒಂದು, ಎಂಜಿನ್ ತಿರುಗಿಸುವ ಜನರೇಟರ್. ಅಲ್ಲಿಂದ ಬಂದದ್ದನ್ನು ಎಂಜಿನ್ ಲೆಕ್ಕದಲ್ಲಿ ಆಗಲೇ ಬರೆದಾಗಿದೆ, ಮತ್ತೆ ಕೂಡಿಸಿದರೆ ಒಂದೇ ಸಂಬಳವನ್ನು ಎರಡು ಸಲ ಎಣಿಸಿದಂತೆ. ಇನ್ನೊಂದು, ಬ್ಯಾಟರಿ. ಅದು ಚಿಕ್ಕದು, ಒಂದೇಟಿಗೆ ಕೊಡಬಲ್ಲದ್ದೂ ಅಷ್ಟಕ್ಕಷ್ಟೇ. ಸುಮಾರಾಗಿ ಹೇಳುವುದಾದರೆ 131ರ ಮೇಲಿನ ಆ 29 ಬ್ಯಾಟರಿಯ ಪಾಲು.

ಬ್ಯಾಟರಿ ಎಷ್ಟು ಚಿಕ್ಕದು? ಏಳನೇ ಪೀಳಿಗೆಯ ಮೊದಲ ವರ್ಷಗಳ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 1.6 ಯೂನಿಟ್ ಕರೆಂಟು. ಪೂರ್ತಿ ಎಲೆಕ್ಟ್ರಿಕ್ ಕಾರುಗಳಲ್ಲಿ ಇದರ ಮೂವತ್ತು ನಲವತ್ತು ಪಟ್ಟು ಇರುವುದು ಮಾಮೂಲು. ಅದರಲ್ಲೂ ಕಂಪ್ಯೂಟರ್ ಬ್ಯಾಟರಿಯನ್ನು ಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ. ನಡುಮಟ್ಟದಲ್ಲೇ ತುಂಬಿ ತೆಗೆದು ಮಾಡುತ್ತದೆ. ಬಾಳಿಕೆಯ ಗುಟ್ಟು ಅದು. ಇದು ನೀರು ಕೂಡಿಡುವ ಕೆರೆ ಅಲ್ಲ, ಕೈಬಳಿ ಇಟ್ಟುಕೊಂಡ ಚೊಂಬು. ಬ್ರೇಕ್ ಹಾಕಿದಾಗ ದೊಡ್ಡ ಮೋಟರ್ ಜನರೇಟರ್ ಆಗಿ ಕಾರಿನ ಓಟವನ್ನೇ ಕರೆಂಟು ಮಾಡಿ ಈ ಚೊಂಬು ತುಂಬಿಸುತ್ತದೆ, ಮುಂದಿನ ಸಲ ಹೊರಡುವಾಗ ಅದು ಖಾಲಿಯಾಗುತ್ತದೆ. ಸಿಗ್ನಲ್‌ಗಳು ಜಾಸ್ತಿ ಇರುವ ಪೇಟೆಯಲ್ಲಿ ಹೈಬ್ರಿಡ್‌ಗೆ ಲಾಭ ಜಾಸ್ತಿ, ಒಂದೇ ವೇಗದ ಹೆದ್ದಾರಿಯಲ್ಲಿ ಕಮ್ಮಿ. ಮಾಮೂಲಿ ಕಾರಿನ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ.

"ತಾನೇ ಚಾರ್ಜ್ ಆಗುವ ಕಾರು" ಅನ್ನುವ ಜಾಹೀರಾತಿನ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಇದಕ್ಕೆ ಪ್ಲಗ್ ಇಲ್ಲ ಅನ್ನುವುದು ನಿಜ. ಆದರೆ ಒಳಗಿರುವ ಒಂದೊಂದು ತೊಟ್ಟು ಕರೆಂಟೂ ಪೆಟ್ರೋಲಿನಿಂದಲೇ ಬಂದದ್ದು, ನೇರವಾಗಿ ಅಥವಾ ಬ್ರೇಕ್ ಮೂಲಕ. ಪುಕ್ಕಟೆ ಏನೂ ಇಲ್ಲ, ಪೋಲು ಕಮ್ಮಿ ಅಷ್ಟೇ. ಇಂಥದ್ದೇ ಜಾಹೀರಾತನ್ನು ನಾರ್ವೆಯ ಗ್ರಾಹಕ ಪ್ರಾಧಿಕಾರ 2020ರಲ್ಲಿ ದಾರಿ ತಪ್ಪಿಸುವಂಥದ್ದು ಅಂತ ತಡೆದಿತ್ತು.

ಕೋಲಿನ ಲೆಕ್ಕದಿಂದ ಓಡಿಸುವವರಿಗೆ ಒಂದು ಉಪಯೋಗದ ಸೂಚನೆಯೂ ಸಿಗುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಕೆಲವರಿಗೆ ಇರುತ್ತದೆ. ಈ ಕಾರಿನಲ್ಲಿ ಅದು ಬೇಡ. ನ್ಯೂಟ್ರಲ್ ಅಂದರೆ ಜನರೇಟರ್ ಕೈಬಿಟ್ಟಂತೆ, ಬ್ಯಾಟರಿಗೆ ಚಾರ್ಜ್ ಆಗುವುದಿಲ್ಲ. ಡ್ರೈವ್‌ನಲ್ಲೇ ಬ್ರೇಕ್ ಹಿಡಿದು ನಿಂತರೆ ಸಾಕು.

ಹಾಗಂತ ಎಲ್ಲವೂ ಚೆಂದ ಅಲ್ಲ. ಪೆಡಲನ್ನು ಜೋರಾಗಿ ಒತ್ತಿಹಿಡಿದಾಗ ಕಾರಿನ ಬಣ್ಣ ಬಯಲಾಗುತ್ತದೆ. ಪೂರ್ತಿ ಶಕ್ತಿ ಬೇಕಾದ ಕೂಡಲೇ ಕಂಪ್ಯೂಟರ್ ಎಂಜಿನ್ನನ್ನು ಎತ್ತರದ ವೇಗಕ್ಕೆ ಏರಿಸಿ ಅಲ್ಲೇ ನಿಲ್ಲಿಸುತ್ತದೆ, ಕಾರಿನ ವೇಗ ನಿಧಾನಕ್ಕೆ ಹಿಂದಿನಿಂದ ಏರುತ್ತದೆ. ಸದ್ದು ಮುಂದೆ ಓಡುತ್ತದೆ, ಗಾಡಿ ಹಿಂದೆ ಬರುತ್ತದೆ. ಗೇರ್ ಏರಿದಂತೆ ಸದ್ದು ಏರಿ ಇಳಿಯುವುದಕ್ಕೆ ಒಗ್ಗಿದ ಕಿವಿಗೆ ಇದು ಯಾರೋ ಒಂದೇ ಸ್ವರ ಹಿಡಿದು ಕೂತಂತೆ ಕೇಳುತ್ತದೆ. ಆ ಹೊತ್ತಲ್ಲಿ ಇದು ನಾಲ್ಕು ಸಿಲಿಂಡರಿನ ಎಂಜಿನ್ ಅನ್ನುವುದನ್ನು ಮುಚ್ಚಿಡಲಾಗುವುದಿಲ್ಲ. 100 ಕಿ.ಮೀ. ವೇಗ ಮುಟ್ಟಲು 8.9 ಸೆಕೆಂಡ್, ಅದೂ ಈ ವರ್ಗದಲ್ಲಿ ಮೀಸೆ ತಿರುವುವಂಥ ಅಂಕಿ ಅಲ್ಲ. ಅವಸರದವರಿಗೆ ಅಮೆರಿಕದಂಥ ಮಾರುಕಟ್ಟೆಗಳಲ್ಲಿ 3.5 ಲೀಟರಿನ ವಿ6 ಎಂಜಿನ್ ಇರುವ ಇಎಸ್ 350 ಇತ್ತು.

ಈ ಕಾರಿಗೆ ಇನ್ನೊಂದು ಪೇಚು. ಎಂಜಿನ್ ಬಂದ್ ಆಗಿರುವಾಗ ಉಳಿದ ಸದ್ದುಗಳೆಲ್ಲ ಎದ್ದು ಕೇಳುತ್ತವೆ. ಗಾಳಿಯದ್ದು, ಟೈರಿನದ್ದು, ಎಲ್ಲೋ ಕಿರುಗುಟ್ಟುವ ಪ್ಲಾಸ್ಟಿಕ್ಕಿನದ್ದು. ಮೊದಲು ಎಂಜಿನ್ ಸದ್ದು ಇವನ್ನೆಲ್ಲ ಮುಚ್ಚುತ್ತಿತ್ತು. ಹಾಗಾಗಿ ಲೆಕ್ಸಸ್ ಚಕ್ರದ ರಿಮ್ಮಿನಲ್ಲೇ ಟೊಳ್ಳು ಜಾಗ ಬಿಟ್ಟು ಟೈರಿನ ಗುಂಯ್ ಸದ್ದು ತಗ್ಗಿಸುವ ಚಕ್ರಗಳನ್ನು ಕೆಲವು ಮಾದರಿಗಳಿಗೆ ಕೊಟ್ಟಿತು. ರಸ್ತೆಯ ತೀರಾ ಸಣ್ಣ ನಡುಕಕ್ಕೂ ಎಣ್ಣೆ ಹರಿಯುವಂತೆ ಮಾಡುವ ಬೇರೆ ರೀತಿಯ ಕವಾಟವನ್ನು ಷಾಕ್ ಅಬ್ಸಾರ್ಬರ್ ಒಳಗೆ ಇಟ್ಟಿತು. ಜಪಾನಿನ ಕ್ಯೂಶೂ ಕಾರ್ಖಾನೆಯ ನುರಿತ ಕೆಲಸಗಾರರನ್ನು ಕಂಪನಿ 'ತಕುಮಿ' ಅಂತ ಕರೆಯುತ್ತದೆ. ರೂಢಿ ಇಲ್ಲದ ಒಂದೇ ಕೈಯಲ್ಲಿ 90 ಸೆಕೆಂಡಿನೊಳಗೆ ಕಾಗದದ ಬೆಕ್ಕು ಮಡಿಸುವುದು ಅವರಿಗೆ ಒಡ್ಡುವ ಪರೀಕ್ಷೆಗಳಲ್ಲಿ ಒಂದಂತೆ. ಕಾಗದದ ಬೆಕ್ಕಿಗೂ ಕಾರಿನ ಬಾಗಿಲಿಗೂ ಏನು ಸಂಬಂಧ ಅಂತ ನಗಬಹುದು. ಆದರೆ ಎಂಜಿನ್ ಸುಮ್ಮನಾದ ಕಾರಿನಲ್ಲಿ ಬಾಗಿಲಿನ ಜೋಡಣೆ ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಬೀಳುತ್ತದೆ.

2025ರ ಏಪ್ರಿಲ್‌ನಲ್ಲಿ ಶಾಂಘೈನಲ್ಲಿ ಎಂಟನೇ ಪೀಳಿಗೆಯ ಇಎಸ್ ಅನ್ನು ತೋರಿಸಿದರು. ಉದ್ದ ಐದು ಮೀಟರ್ ದಾಟಿದೆ. ವಿ6 ಹೋಗಿದೆ. ಮೊದಲ ಸಲ ಪೂರ್ತಿ ಬ್ಯಾಟರಿಯ ಇಎಸ್‌ಗಳು ಬಂದಿವೆ. ಅವುಗಳಲ್ಲಿ ಎಂಜಿನ್ನೇ ಇಲ್ಲ, ಬಲ ಹಂಚುವ ಮಾತೂ ಇಲ್ಲ, ಹಾಗಾಗಿ ಆ 36 ಅಂಗುಲದ ಕೋಲಿಗೆ ಕೆಲಸ ಇಲ್ಲ. ಪಕ್ಕದಲ್ಲೇ ನಿಂತಿರುವ ಹೈಬ್ರಿಡ್ ಇಎಸ್‌ನಲ್ಲಿ ಮಾತ್ರ ಸೂರ್ಯ, ಗ್ರಹ, ಉಂಗುರ ಈಗಲೂ ತಿರುಗುತ್ತಲೇ ಇವೆ.